ಡಾಡ್ಜರ್ಸ್–ಜೈಂಟ್ಸ್ ಜಿದ್ದಿನ ಪುಸ್ತಕ ಓದುವ ಮುಂಚೆ ಒಂದು ಪೆನ್ಸಿಲ್ ಹುಡುಕಿ

ಬೇಸ್‌ಬಾಲ್ ಪುಸ್ತಕ ತಂದು 50ನೇ ಪುಟದ ಹೊತ್ತಿಗೆ ಕೈಬಿಟ್ಟವರನ್ನು ನಾಲ್ಕೈದು ಮಂದಿ ನೋಡಿದ್ದೇನೆ. ಅದರಲ್ಲಿ ಒಬ್ಬ ನಾನೇ. ಎಲ್ಲರದ್ದೂ ಒಂದೇ ಕಥೆ. ಯಾರೋ ಹೊಗಳಿದರು ಅಂತ ರೋಜರ್ ಕಾನ್ ಡಾಡ್ಜರ್ಸ್ ತಂಡದ ಬಗ್ಗೆ ಬರೆದ 'ದಿ ಬಾಯ್ಸ್ ಆಫ್ ಸಮ್ಮರ್' ತರಿಸುವುದು, ಹುರುಪಿನಿಂದ ಶುರು ಮಾಡುವುದು, ಡಬಲ್, ಬುಲ್‌ಪೆನ್, ಪೆನೆಂಟ್ ಅಂತ ಒಂದರ ಹಿಂದೆ ಒಂದು ಬರತೊಡಗಿದಾಗ ಕಣ್ಣು ಸಾಲಿನ ಮೇಲೆ ಓಡುತ್ತಿದ್ದರೂ ಮನಸ್ಸು ರಾತ್ರಿ ಊಟಕ್ಕೇನು ಅಂತ ಯೋಚಿಸುವುದು. ಆಮೇಲೆ "ಅಮೆರಿಕದವರ ಆಟ, ನಮಗೆ ಹತ್ತಲ್ಲ ಬಿಡಿ" ಅನ್ನುವ ತೀರ್ಪು. ಕ್ರಿಕೆಟ್ ಸ್ಕೋರ್‌ಕಾರ್ಡ್ ಓದಿಯೇ ಇಡೀ ಪಂದ್ಯ ಕಣ್ಣಮುಂದೆ ತಂದುಕೊಳ್ಳುವ ಜನ ಹೀಗೆ ಸೋಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಈ ಲೇಖನ.

ಹಂತ 1: ಜಗಳ ಯಾಕೆ ಅಂತ ತಿಳಿದುಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು. 1957ರವರೆಗೆ ಡಾಡ್ಜರ್ಸ್, ಜೈಂಟ್ಸ್ ಎರಡೂ ನ್ಯೂಯಾರ್ಕ್ ಎಂಬ ಒಂದೇ ಊರಿನ ತಂಡಗಳು. ಜೈಂಟ್ಸ್ ಮ್ಯಾನ್‌ಹ್ಯಾಟನ್‌ನವರು, ಅವರ ಮೈದಾನ ಪೋಲೊ ಗ್ರೌಂಡ್ಸ್. ಡಾಡ್ಜರ್ಸ್ ಬ್ರೂಕ್ಲಿನ್‌ನವರು, ಮೈದಾನ ಎಬೆಟ್ಸ್ ಫೀಲ್ಡ್. ಬ್ರೂಕ್ಲಿನ್ 1898ರವರೆಗೆ ಬೇರೆಯೇ ನಗರ, ನ್ಯೂಯಾರ್ಕಿಗೆ ಸೇರಿದ ಮೇಲೂ ಆ ಮುನಿಸು ಹೋಗಲಿಲ್ಲ. ಆಗ ಲೀಗಿನಲ್ಲಿ ಎಂಟು ತಂಡ, ವರ್ಷಕ್ಕೆ 154 ಪಂದ್ಯ. ಅಂದರೆ ಇವೆರಡು ವರ್ಷಕ್ಕೆ 22 ಸಲ ಎದುರುಬದುರು! ಮೊದಲ ಸ್ಥಾನ ಬಂದ ತಂಡಕ್ಕೆ ಮಾತ್ರ ಪೆನೆಂಟ್, ಅಂದರೆ ಲೀಗಿನ ಪಟ್ಟ; ಅದೊಂದೇ ಇನ್ನೊಂದು ಲೀಗಿನ ವಿಜೇತರ ಎದುರು ಆಡುವ ವರ್ಲ್ಡ್ ಸೀರೀಸ್‌ಗೆ ಹೋಗುತ್ತಿದ್ದುದು. 1934ರಲ್ಲಿ ಜೈಂಟ್ಸ್ ಮ್ಯಾನೇಜರ್ (ಬೇಸ್‌ಬಾಲಿನಲ್ಲಿ ತಂಡವನ್ನು ಆಡಿಸುವ ಮುಖ್ಯ ತರಬೇತುದಾರ) ಬಿಲ್ ಟೆರಿ "ಬ್ರೂಕ್ಲಿನ್ ಇನ್ನೂ ಲೀಗಿನಲ್ಲಿದೆಯಾ?" ಅಂತ ಗೇಲಿ ಮಾಡಿದರು. ಅದೇ ವರ್ಷ ಕೊನೆಯ ಎರಡು ಪಂದ್ಯದಲ್ಲಿ ಬ್ರೂಕ್ಲಿನ್ ಅವರನ್ನೇ ಸೋಲಿಸಿತು, ಪೆನೆಂಟ್ ಸೇಂಟ್ ಲೂಯಿಸ್ ಪಾಲಾಯಿತು. 1948ರಲ್ಲಂತೂ ಡಾಡ್ಜರ್ಸ್ ಮ್ಯಾನೇಜರ್ ಲಿಯೋ ಡುರೋಷರ್ ಸೀಸನ್ನಿನ ನಡುವೆಯೇ ಎದುರುಮನೆಗೆ ಹೋಗಿ ಜೈಂಟ್ಸ್ ಮ್ಯಾನೇಜರ್ ಆಗಿ ಕೂತರು. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಹಂತ 2: ಒಂದೇ ಒಂದು ಅರ್ಧ ಇನ್ನಿಂಗ್ಸ್ ಕೈಯಾರೆ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಒಂದೋ ಈ ಹಂತವನ್ನೇ ಹಾರಿಸುತ್ತಾರೆ, ಇಲ್ಲವೇ ಬೇಸ್‌ಬಾಲ್ ನಿಯಮಗಳನ್ನೆಲ್ಲ ಕಂಠಪಾಠ ಮಾಡಲು ಹೋಗಿ ಸುಸ್ತಾಗುತ್ತಾರೆ. ಎರಡೂ ಬೇಡ. 1951ರ ಅಕ್ಟೋಬರ್ 3, ಪೋಲೊ ಗ್ರೌಂಡ್ಸ್, ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸಿನ ಕೆಳಗಿನ ಅರ್ಧ, ಜೈಂಟ್ಸ್ ಬ್ಯಾಟ್ ಮಾಡುವ ಸರದಿ. ಇಷ್ಟನ್ನೇ ಬರೆಯಿರಿ. ಈ ಜಿದ್ದಿನ ಮುಕ್ಕಾಲು ಪಾಲು ಪುಸ್ತಕಗಳು ಈ ಅರ್ಧ ಗಂಟೆಯ ಸುತ್ತಲೇ ಗಿರಕಿ ಹೊಡೆಯುತ್ತವೆ.

ಹಿನ್ನೆಲೆ ಇಷ್ಟು. ಆಗಸ್ಟ್ 11ರಂದು ಜೈಂಟ್ಸ್ ಪಟ್ಟಿಯಲ್ಲಿ ಡಾಡ್ಜರ್ಸ್‌ಗಿಂತ ಹದಿಮೂರೂವರೆ ಪಂದ್ಯ ಹಿಂದಿತ್ತು. ಅಲ್ಲಿಂದ ಕೊನೆಯ 44ರಲ್ಲಿ 37 ಗೆದ್ದು ಡಾಡ್ಜರ್ಸ್ ಜೊತೆ ಸಮಕ್ಕೆ ಬಂತು. ತೀರ್ಮಾನಕ್ಕೆ ಮೂರು ಪಂದ್ಯದ ಪ್ಲೇಆಫ್. ಮೊದಲನೆಯದು ಜೈಂಟ್ಸ್‌ಗೆ, ಎರಡನೆಯದು 10–0 ಅಂತರದಲ್ಲಿ ಡಾಡ್ಜರ್ಸ್‌ಗೆ. ಮೂರನೆಯದರಲ್ಲಿ ಡಾಡ್ಜರ್ಸ್ 4–1ರಿಂದ ಮುಂದೆ. ಕ್ರಿಕೆಟ್ ಕಣ್ಣಿಗೆ ಇದು ಸಣ್ಣ ಅಂತರ ಅನಿಸುತ್ತದೆ, ಅಲ್ವಾ? ಹಾಗೆ ನೋಡಬೇಡಿ. ಎಂಟು ಇನ್ನಿಂಗ್ಸ್ ಆಡಿ ಜೈಂಟ್ಸ್ ಗಳಿಸಿದ್ದು ಒಂದೇ ರನ್, ಈಗ ಉಳಿದಿರುವುದು ಮೂರೇ ಔಟ್.

ಈಗ ಹಾಳೆ ತೆಗೆದುಕೊಳ್ಳಿ. ಪೆನ್ ಬೇಡ, ಪೆನ್ಸಿಲ್ಲೇ ಇರಲಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಚೌಕದ ಮನೆ, ಅದರೊಳಗೆ ಗಾಳಿಪಟದ ಹಾಗೆ ನಿಲ್ಲಿಸಿದ ಸಣ್ಣ ಚೌಕ. ಕೆಳಗಿನ ಮೂಲೆ ಹೋಮ್, ಬಲಗಡೆ ಮೊದಲ ಬೇಸ್, ಮೇಲ್ಗಡೆ ಎರಡನೆಯದು, ಎಡಗಡೆ ಮೂರನೆಯದು. ಆಟಗಾರ ಎಲ್ಲಿಯವರೆಗೆ ಓಡಿದನೋ ಅಲ್ಲಿಯವರೆಗೆ ಗೆರೆ. ಸುತ್ತಿ ಹೋಮ್‌ಗೆ ಬಂದರೆ ಒಂದು ರನ್, ಗಾಳಿಪಟಕ್ಕೆ ಕಪ್ಪು ತುಂಬಿ. ಫೀಲ್ಡರ್‌ಗಳಿಗೆ ಹೆಸರಿನ ಬದಲು ನಂಬರ್: ಪಿಚರ್ (ಚೆಂಡು ಎಸೆಯುವವನು) 1, ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) 2, ಮೊದಲ ಬೇಸಿನವನು 3, ಎರಡನೆಯವನು 4, ಮೂರನೆಯವನು 5, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವನು) 6, ಹೊರಗಿನ ಮೂವರು 7, 8, 9. ಇದು ಅಂಗಿಯ ಮೇಲಿನ ನಂಬರ್ ಅಲ್ಲ. ಈ ಗೊಂದಲದಲ್ಲೇ ನನ್ನ ಒಬ್ಬ ಗೆಳೆಯ ಎರಡು ದಿನ ಕಳೆದ.

ಮೊದಲ ಬ್ಯಾಟರ್ ಆಲ್ವಿನ್ ಡಾರ್ಕ್. ಚೆಂಡು ಮೊದಲ ಬೇಸಿನ ಗಿಲ್ ಹಾಜಸ್ ಗ್ಲೌಸಿಗೆ ತಾಗಿ ಜಾರಿತು. ಸಿಂಗಲ್. ಅಂದರೆ ಮೊದಲ ಬೇಸ್ ತಲುಪಿದರು ಅಷ್ಟೇ, ರನ್ ಇಲ್ಲ; ಬಲ ಮೂಲೆಗೆ ಒಂದು ಗೆರೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಡಾರ್ಕ್ ಎರಡನೇ ಬೇಸಿಗೆ ಕದ್ದು ಓಡದಿರಲಿ ಅಂತ ಹಾಜಸ್ ಬೇಸಿಗೆ ಅಂಟಿಕೊಂಡು ನಿಂತರು. ಮೂರು ರನ್ ಮುಂದಿರುವಾಗ ಡಾರ್ಕ್ ಒಬ್ಬ ಓಡಿದರೆ ಏನು ಮಹಾ ಹೋಗುತ್ತಿತ್ತು? ಆದರೆ ಹಾಜಸ್ ಅಲ್ಲಿ ನಿಂತಿದ್ದಕ್ಕೆ ಪಕ್ಕದಲ್ಲಿ ದೊಡ್ಡ ಸಂದು ಬಿಟ್ಟಿತು, ಮುಂದಿನ ಬ್ಯಾಟರ್ ಡಾನ್ ಮುಲ್ಲರ್ ಚೆಂಡನ್ನು ಸರಿಯಾಗಿ ಅದೇ ಸಂದಿಯಲ್ಲಿ ತೂರಿಸಿದರು. ಮತ್ತೊಂದು ಸಿಂಗಲ್, ಡಾರ್ಕ್ ಮೂರನೇ ಬೇಸಿಗೆ. ಹಾಜಸ್ ನಾಲ್ಕು ಹೆಜ್ಜೆ ಆಚೆ ಇದ್ದಿದ್ದರೆ ಅಂತ ಬ್ರೂಕ್ಲಿನ್ ಜನ ದಶಕಗಳ ಕಾಲ ವಾದ ಮಾಡಿದ್ದಾರೆ. ಗೆರೆ ಎಳೆಯದೆ ಓದಿದರೆ ಆ ವಾದದ ತಲೆಬುಡ ತಿಳಿಯುವುದಿಲ್ಲ. ನನಗೂ ಮೊದಲ ಓದಿನಲ್ಲಿ ತಿಳಿದಿರಲಿಲ್ಲ.

ಮೂರನೆಯವರು ಮಾಂಟಿ ಅರ್ವಿನ್. ಚೆಂಡು ಸುಮ್ನೆ ಮೇಲಕ್ಕೆ ಹೋಯಿತು, ಹಾಜಸ್ ಹಿಡಿದರು. ಮನೆಯೊಳಗೆ 3 ಅಂತ ಬರೆದು ಪಕ್ಕದಲ್ಲಿ 1ಕ್ಕೆ ಸುತ್ತು ಹಾಕಿ, ಮೊದಲ ಔಟ್. ನಾಲ್ಕನೆಯವರು ವೈಟಿ ಲಾಕ್‌ಮನ್. ಎಡಗಡೆಗೆ ಡಬಲ್, ಅಂದರೆ ಒಂದೇ ಹೊಡೆತಕ್ಕೆ ಎರಡನೇ ಬೇಸ್. ಈಗ ಮೂರು ಮನೆಗಳಲ್ಲಿ ಒಟ್ಟಿಗೆ ಕೆಲಸ: ಲಾಕ್‌ಮನ್ ಗೆರೆ ಮೇಲಿನ ಮೂಲೆಗೆ, ಮುಲ್ಲರ್ ಗೆರೆ ಎಡ ಮೂಲೆಗೆ, ಡಾರ್ಕ್ ಹೋಮ್‌ಗೆ, ಅವರ ಗಾಳಿಪಟಕ್ಕೆ ಕಪ್ಪು ತುಂಬಿ. 4–2. ಮುಲ್ಲರ್ ಮೂರನೇ ಬೇಸಿಗೆ ಜಾರುವಾಗ ಕಾಲಿನ ಗಿಣ್ಣು ಉಳುಕಿಸಿಕೊಂಡರು. ಅವರ ಬದಲು ಕ್ಲಿಂಟ್ ಹಾರ್ಟಂಗ್.

ಪಿಚರ್ ಡಾನ್ ನ್ಯೂಕಂಬ್ ಸೋತುಹೋಗಿದ್ದರು. ಬದಲಿಗೆ ಇಬ್ಬರು ಬುಲ್‌ಪೆನ್ನಿನಲ್ಲಿ (ಬದಲಿ ಪಿಚರ್‌ಗಳು ಕೈ ಬೆಚ್ಚಗಾಗಿಸುವ ಜಾಗ) ತಯಾರಾಗುತ್ತಿದ್ದರು, ಕಾರ್ಲ್ ಅರ್ಸ್ಕಿನ್ ಮತ್ತು ರಾಲ್ಫ್ ಬ್ರಾಂಕಾ. ಅರ್ಸ್ಕಿನ್ ಎಸೆದ ಕರ್ವ್ (ತಿರುಗುವ ಎಸೆತ) ನೆಲಕ್ಕೆ ಬಿತ್ತು ಅಂತ ಕೋಚ್ ಫೋನಿನಲ್ಲಿ ಹೇಳಿದರು. ಬಂದವರು ಬ್ರಾಂಕಾ, ಅಂಗಿ ನಂಬರ್ 13. ಮೊದಲ ಎಸೆತ ಸ್ಟ್ರೈಕ್, ಅಂದರೆ ಬ್ಯಾಟರ್ ವಿರುದ್ಧ ಲೆಕ್ಕಕ್ಕೆ ಬಂತು. ಎರಡನೆಯದನ್ನು ಬಾಬಿ ಥಾಮ್ಸನ್ ಎಡ ಗ್ಯಾಲರಿಗೆ ಕಳಿಸಿದರು. ಹೋಮ್ ರನ್: ಬೇಸ್‌ಗಳಲ್ಲಿದ್ದ ಇಬ್ಬರೂ ಥಾಮ್ಸನ್ನೂ ಹೋಮ್‌ಗೆ, ಮೂರು ಗಾಳಿಪಟಗಳಿಗೆ ಒಟ್ಟಿಗೆ ಕಪ್ಪು ತುಂಬಿ. ಮುಂದೆ ಆಡಬೇಕಿದ್ದವರು ಹೊಸ ಹುಡುಗ ವಿಲ್ಲಿ ಮೇಸ್. ಅವರ ಮನೆ ಖಾಲಿ ಬಿಡಿ, ಪಂದ್ಯ ಮುಗಿಯಿತು.

ಬ್ರೂಕ್ಲಿನ್: 1 0 0 0 0 0 0 3 0 — 4
ನ್ಯೂಯಾರ್ಕ್: 0 0 0 0 0 0 1 0 4 — 5

ಒಂದೊಂದು ಇನ್ನಿಂಗ್ಸಿನ ರನ್, ಕೊನೆಗೆ ಒಟ್ಟು ಇರುವ ಈ ಎರಡು ಸಾಲು ಈಗ ನಿಮಗೆ ಕಥೆಯ ಹಾಗೆ ಕಾಣಬೇಕು. ಕಾಣದಿದ್ದರೆ ಇನ್ನೊಂದು ಹಾಳೆ ತೆಗೆದುಕೊಳ್ಳಿ. ವಿಡಿಯೋ ನೋಡಿಬಿಟ್ಟರೆ ಆಯ್ತಲ್ಲ ಅನ್ನುವವರಿದ್ದಾರೆ. ವಿಡಿಯೋದಲ್ಲಿ ಥಾಮ್ಸನ್ ಹೊಡೆತ ಮಾತ್ರ ತಲೆಯಲ್ಲಿ ಉಳಿಯುತ್ತದೆ, ಹಾಜಸ್ ಪಕ್ಕದ ಸಂದು ಉಳಿಯುವುದಿಲ್ಲ.

ಹಂತ 3: ಅಚ್ಚಾದ ಪುಸ್ತಕವನ್ನೇ ಕೊಳ್ಳಿ

ಹಳೆಯ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಅಗ್ಗ ಅಂತ ನಾನು ಒಂದು ಕಡೆಯಿಂದ ಇ-ಪುಸ್ತಕ ಕೊಂಡೆ. ಸ್ಕ್ಯಾನ್ ಮಾಡಿ ಹಾಗೇ ಬಿಟ್ಟಿದ್ದ ಕಾರಣ ಸ್ಕೋರ್ ಪಟ್ಟಿಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು, 1 ಎಲ್ಲಿ ಅಕ್ಷರ ಎಲ್ಲಿ ಅಂತ ಗೊತ್ತಾಗುತ್ತಿರಲಿಲ್ಲ. ಪುಸ್ತಕಗಳ ಸಾರಾಂಶ ಕೊಡುವ ಆಪ್‌ಗಳ ಸಹವಾಸವೂ ಬೇಡ. "ಥಾಮ್ಸನ್ ಹೊಡೆದ, ಜೈಂಟ್ಸ್ ಗೆದ್ದಿತು" ಅನ್ನುವುದಕ್ಕೆ ದುಡ್ಡು ಯಾಕೆ?

ಹಂತ 4: ಓದುವ ಕ್ರಮ

ಮೊದಲು ಡೋರಿಸ್ ಕರ್ನ್ಸ್ ಗುಡ್ವಿನ್ ತಮ್ಮ ಬಾಲ್ಯದ ಬಗ್ಗೆ ಬರೆದ 'ವೇಟ್ ಟಿಲ್ ನೆಕ್ಸ್ಟ್ ಇಯರ್', 1997ರದ್ದು. ಇದರಲ್ಲಿ ನನಗೆ ರಾಜಿಯೇ ಇಲ್ಲ. ಅಪ್ಪ ಪುಟ್ಟ ಹುಡುಗಿಗೆ ಸ್ಕೋರ್ ಬರೆಯುವುದು ಕಲಿಸುತ್ತಾನೆ, ಅವಳು ಮಧ್ಯಾಹ್ನ ರೇಡಿಯೋ ಕೇಳುತ್ತಾ ಬರೆದಿಟ್ಟು, ಸಂಜೆ ಕೆಲಸದಿಂದ ಬಂದ ಅಪ್ಪನಿಗೆ ಇಡೀ ಪಂದ್ಯ ಒಪ್ಪಿಸುತ್ತಾಳೆ. ಎರಡನೇ ಹಂತದಲ್ಲಿ ನೀವು ಮಾಡಿದ್ದೂ ಅದೇ ಕೆಲಸ. ಅದಕ್ಕೇ ಈ ಪುಸ್ತಕ ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅವರ ಬೀದಿಯ ಮಾಂಸದಂಗಡಿಯವರು ಜೈಂಟ್ಸ್ ಕಡೆಯವರು. 1951ರ ಸೋಲಿನ ಮೇಲೆ ಹುಡುಗಿ ನಾಚಿಕೆಯಿಂದ ಆ ಕಡೆ ತಲೆ ಹಾಕುವುದಿಲ್ಲ. ಕೊನೆಗೆ ಅಂಗಡಿಯವರೇ ವಾಪಸ್ ಬಾರಮ್ಮ ಅಂತ ಅವಳಿಗೆ ಹೂ ಕಳಿಸುತ್ತಾರೆ. ಈ ಹಗೆ ಎಂಥದ್ದು ಅಂತ ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಪುಟ ಸಿಕ್ಕಿಲ್ಲ.

ಎರಡನೆಯದು ಕಾನ್ ಅವರ 'ದಿ ಬಾಯ್ಸ್ ಆಫ್ ಸಮ್ಮರ್', 1972ರ ಪುಸ್ತಕ. ಈಗ ತಡವರಿಸುವುದಿಲ್ಲ. ಅರ್ಧ ದಾಟಿದ ಮೇಲೆ ಆಟ ಹಿಂದೆ ಸರಿಯುತ್ತದೆ, ಲೇಖಕ ವಯಸ್ಸಾದ ಆಟಗಾರರ ಮನೆ ಬಾಗಿಲು ತಟ್ಟುತ್ತಾರೆ. 1953ರಲ್ಲಿ ಡುರೋಷರ್ ಮೇಲೆ ಕೈಮಾಡಲು ಜೈಂಟ್ಸ್ ಡಗ್‌ಔಟಿಗೇ ನುಗ್ಗಿ ಕೈ ಮುರಿದುಕೊಂಡ, ಆದರೂ ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಪಡೆದ ಕಾರ್ಲ್ ಫುರಿಲ್ಲೊ, ಕಾನ್ ಹುಡುಕಿ ಹೋದಾಗ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುತ್ತಿದ್ದ ಕಡೆ ಲಿಫ್ಟ್ ಅಳವಡಿಸುತ್ತಿರುತ್ತಾರೆ. ಆ ಅಧ್ಯಾಯವನ್ನು ಬಸ್ಸಿನಲ್ಲಿ ಓದಬೇಡಿ, ಇಳಿಯುವ ಸ್ಟಾಪ್ ತಪ್ಪುತ್ತದೆ.

ಜಾಕಿ ರಾಬಿನ್ಸನ್ ಬಗ್ಗೆ ಜಾಸ್ತಿ ಬೇಕಿದ್ದರೆ ಅವರದೇ ಆತ್ಮಕಥೆ ಇದೆ. 1947ರ ಏಪ್ರಿಲ್ 15ರಂದು ಡಾಡ್ಜರ್ಸ್ ಪರ ಕಣಕ್ಕಿಳಿದು ಕರಿಯರಿಗೆ ಮುಚ್ಚಿದ್ದ ಬಾಗಿಲು ತೆರೆದವರು. 1956ರ ಡಿಸೆಂಬರಿನಲ್ಲಿ ತಂಡ ಅವರನ್ನು ಜೈಂಟ್ಸ್‌ಗೇ ಬಿಟ್ಟುಕೊಟ್ಟಿತು. ಅವರು ಆ ಅಂಗಿ ತೊಡದೆ ಆಟಕ್ಕೇ ವಿದಾಯ ಹೇಳಿದರು.

ಜೋಶುವಾ ಪ್ರೇಗರ್ ಅವರ 'ದಿ ಎಕೋಯಿಂಗ್ ಗ್ರೀನ್' ಕಡ್ಡಾಯವಾಗಿ ಕೊನೆಗೆ. ತುಂಬ ಜನ ಪತ್ತೇದಾರಿ ಆಸೆಗೆ ಇದನ್ನೇ ಮೊದಲು ಓದಿ ಉಳಿದದ್ದರ ರುಚಿ ಕೆಡಿಸಿಕೊಳ್ಳುತ್ತಾರೆ. ಕ್ಯಾಚರ್ ಬೆರಳಿನಲ್ಲಿ ಸನ್ನೆ ಮಾಡಿ ಯಾವ ಎಸೆತ ಅಂತ ಪಿಚರ್‌ಗೆ ಹೇಳುತ್ತಾನಲ್ಲ, ಜೈಂಟ್ಸ್‌ನವರು 1951ರ ಜುಲೈನಿಂದ ಮೈದಾನದ ಆಚೆ ತುದಿಯ ಕೋಣೆಯಲ್ಲಿ ಟೆಲಿಸ್ಕೋಪ್ ಇಟ್ಟು ಅದನ್ನು ಕದ್ದು ನೋಡುತ್ತಿದ್ದರು. ಅಲ್ಲಿಂದ ತಂತಿ, ಬಜರ್, ಬುಲ್‌ಪೆನ್, ಬುಲ್‌ಪೆನ್ನಿನಿಂದ ಬ್ಯಾಟರ್‌ಗೆ ಸನ್ನೆ. ತಂತಿ ಎಳೆದ ಎಲೆಕ್ಟ್ರಿಷಿಯನ್ ಡಾಡ್ಜರ್ಸ್ ಅಭಿಮಾನಿ! ಆ ಒಂದು ಎಸೆತದ ಸುಳಿವನ್ನು ತಾನು ತೆಗೆದುಕೊಂಡಿರಲಿಲ್ಲ ಅಂತ ಥಾಮ್ಸನ್ ಹೇಳುತ್ತಾ ಬಂದರು, ಬ್ರಾಂಕಾ ನಂಬಲಿಲ್ಲ. ಆದರೂ ವರ್ಷಗಟ್ಟಲೆ ಇಬ್ಬರೂ ಒಟ್ಟಿಗೆ ಕೂತು ಆ ಹೊಡೆತದ ಫೋಟೋಗಳಿಗೆ ಸಹಿ ಹಾಕಿದರು.

ಪ್ರೇಗರ್ ಮುಗಿದ ಮೇಲೆ ಎರಡನೇ ಹಂತದ ಹಾಳೆ ತೆಗೆಯಿರಿ. ಥಾಮ್ಸನ್ ಮನೆಯ ಕಪ್ಪು ಹಾಗೇ ಇರಲಾ, ಒರೆಸಬೇಕಾ ಅಂತ ಈಗ ನೀವೇ ನೋಡಿ. ಪೆನ್ಸಿಲ್ ಹೇಳಿದ್ದು ಇದಕ್ಕೇ. ನಾನು ರಬ್ಬರ್ ಎತ್ತಿಕೊಂಡೆ, ಅರ್ಧ ಉಜ್ಜಿದೆ, ಬಿಟ್ಟೆ. ಹಾಳೆಯಲ್ಲಿ ಆ ಗಾಳಿಪಟ ಈಗಲೂ ಬೂದು ಬಣ್ಣದಲ್ಲಿದೆ.