ಹಳೆಯ ಪ್ಯೂಜೊ ಸೈಕಲ್ ಬಿಚ್ಚುವ ಮುನ್ನ ಅಳತೆ ಹಿಡಿಯಿರಿ

ಮೊದಲ ಸಲ ಫ್ರೆಂಚ್ ಸೈಕಲ್ಲೊಂದನ್ನು ಬಿಚ್ಚಲು ಕೂತಾಗ ಬಲಗಡೆಯ ಬಿ.ಬಿ. ಕಪ್ ಜೊತೆ ಅರ್ಧ ಗಂಟೆ ಗುದ್ದಾಡಿದ್ದೆ. ಬಿ.ಬಿ. ಎಂದರೆ ಬಾಟಮ್ ಬ್ರಾಕೆಟ್, ಪೆಡಲ್‌ಗಳ ನಡುವಿನ ಅಚ್ಚು ತಿರುಗುವ ಜಾಗ; ಅದರ ಗುಂಡುಗಳನ್ನು ಹಿಡಿದಿಡುವ ಬಟ್ಟಲೇ ಕಪ್. ಬೆವರು ಕಿತ್ತುಕೊಂಡು ಬಂತೇ ಹೊರತು ಕಪ್ ಮಿಸುಕಲಿಲ್ಲ. ಬಿಚ್ಚುತ್ತಿದ್ದೇನೆ ಎಂದುಕೊಂಡು ಅದನ್ನು ಇನ್ನಷ್ಟು ಬಿಗಿಯುತ್ತಿದ್ದೆ! ಇಂಗ್ಲಿಷ್ ಪದ್ಧತಿಯ ಸೈಕಲ್‌ಗಳಲ್ಲಿ ಆ ಕಪ್ಪಿಗೆ ಎಡಮುರಿ ಥ್ರೆಡ್, ಅಂದರೆ ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಫ್ರೆಂಚರದಕ್ಕೆ ಎರಡೂ ಬದಿಗೆ ಮಾಮೂಲಿ ಸ್ಕ್ರೂವಿನಂತೆ ಬಲಮುರಿ. ನಾನು ಕಲಿತದ್ದು ಮೊದಲನೆಯದನ್ನು, ಮುಂದಿದ್ದದ್ದು ಎರಡನೆಯದು.

ಉದಾಹರಣೆಗೆ ಫ್ರಾನ್ಸಿನ ಪ್ಯೂಜೊ ಕಂಪನಿಯ 1970ರ ದಶಕದ ಆರಂಭದ ಪಿಎಕ್ಸ್-10 ತೆಗೆದುಕೊಳ್ಳೋಣ. ಇಂಗ್ಲೆಂಡಿನ ರೆನಾಲ್ಡ್ಸ್ 531 ಉಕ್ಕಿನ ಕೊಳವೆ, ಕೊಳವೆಗಳು ಕೂಡುವಲ್ಲಿ ಬಳ್ಳಿಯಂತೆ ಕೊರೆದ ನೆರ್ವೆಕ್ಸ್ ಲಗ್‌ಗಳು, ಬಿಳಿ ಬಣ್ಣ, ಕಪ್ಪು-ಬಿಳಿ ಚೌಕಳಿ ಪಟ್ಟಿ. ಫ್ರಾನ್ಸಿನ ಊರೂರಲ್ಲಿ ರಜಾದಿನ ನಡೆಯುವ ‘ವೀಡ್-ಗ್ರೆನಿಯೆ’ಗಳಲ್ಲಿ, ಅಂದರೆ ಅಟ್ಟ ಖಾಲಿ ಮಾಡುವ ಸಂತೆಗಳಲ್ಲಿ, ಇಂಥ ಹಳೆಯ ಸೈಕಲ್‌ಗಳು ಇಂದಿಗೂ ಗೋಡೆಗೊರಗಿ ನಿಂತಿರುತ್ತವೆ.

ಮೊದಲ ದಿನ ಪಾನಾ ಮುಟ್ಟಬೇಡಿ

ಫೋಟೊ ತೆಗೆಯಿರಿ. ಕೇಬಲ್ ಯಾವ ಕಡೆಯಿಂದ ಬಂದಿದೆ, ವಾಷರ್ ಎಷ್ಟಿವೆ, ಯಾವುದರ ಮೇಲೆ ಯಾವುದು ಎಂಬುದೆಲ್ಲ ಫೋಟೊದಲ್ಲಿ ಇರಲಿ. ಆಮೇಲೆ ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಳ್ಳಿ. ಫ್ರೆಂಚ್ ಸೈಕಲ್‌ಗಳ ಎಲ್ಲ ತಾಪತ್ರಯವೂ ಮಿಲಿಮೀಟರಿನ ಕೆಳಗಿನ ಅಂಕಿಗಳಲ್ಲಿದೆ. ಹ್ಯಾಂಡಲ್ ಸ್ಟೆಮ್ 22 ಮಿ.ಮೀ.; ಬೇರೆಲ್ಲೆಡೆ ಸಿಗುವುದು 22.2. ಪೆಡಲ್ ಥ್ರೆಡ್ 14 ಮಿ.ಮೀ.; ಇಂಗ್ಲಿಷ್ ಪೆಡಲ್ ಸುಮಾರು 14.3. ಬಿ.ಬಿ. ಕಪ್ 35 ಮಿ.ಮೀ.; ಇಂಗ್ಲಿಷಿನದು 34.8. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಇಂಗ್ಲಿಷ್ ಪೆಡಲ್ ಫ್ರೆಂಚ್ ಕ್ರ್ಯಾಂಕಿನೊಳಗೆ (ಪೆಡಲ್ ಕೂರುವ ತೋಳಿನೊಳಗೆ) ಒಂದೆರಡು ಸುತ್ತು ಹೋಗಿಯೂ ಹೋಗುತ್ತದೆ. ಅಲ್ಲಿಗೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಮುಗಿಯಿತು ಎಂದೇ ಲೆಕ್ಕ. ಪೆಡಲ್ ಮೇಲೆ ‘ಡಿ’ ಮತ್ತು ‘ಜಿ’ ಅಕ್ಷರಗಳಿದ್ದರೆ ಅದು ಫ್ರೆಂಚಿನದು: ಡ್ರುವಾತ್ ಎಂದರೆ ಬಲ, ಗೋಶ್ ಎಂದರೆ ಎಡ.

ಬಿಚ್ಚುವುದು

ಜಂಟಿಗಳಿಗೆಲ್ಲ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿರಿ. ಸ್ಟ್ರಾಂಗ್‌ಲೈಟ್ ಕ್ರ್ಯಾಂಕ್ ಕಳಚಲು 23.35 ಮಿ.ಮೀ. ಪುಲ್ಲರ್ ಬೇಕು. ಅಂಗಡಿಯಲ್ಲಿ ಸಿಗುವ 22ರ ಪುಲ್ಲರನ್ನು ತುರುಕಿದರೆ ಮೊದಲ ಕೆಲವು ಎಳೆಗಳು ಪುಡಿಯಾಗುತ್ತವೆ, ಮುಂದೆ ಆ ಕ್ರ್ಯಾಂಕ್ ಹೊರಬರುವುದು ಗರಗಸದಿಂದ ಮಾತ್ರ. ಪ್ಯೂಜೊದ ಅಗ್ಗದ ಯುಒ-8ನಲ್ಲಾದರೆ ಕ್ರ್ಯಾಂಕ್ ನಿಲ್ಲುವುದು ಬೆಣೆಯಂಥ ಕಾಟರ್ ಪಿನ್ ಮೇಲೆ. ಅದನ್ನು ಹೊಡೆದು ತೆಗೆಯುವ ಹದ ನಮ್ಮ ಹಳೆಯ ಸೈಕಲ್ ಶಾಪಿನವರಿಗೆ ಚೆನ್ನಾಗಿ ಗೊತ್ತು. ಹೊಸ ಪಿನ್ ಮಾತ್ರ ಅಳತೆ ನೋಡಿಯೇ ತರಬೇಕು.

ಇನ್ನು ಆ ಬಲಗಡೆಯ ಕಪ್. ಮೊದಲು ಎಡಗಡೆಯ ಕಪ್ ತೆಗೆದು ಅಳೆಯಿರಿ. 35 ಮಿ.ಮೀ. ಬಂದರೂ ಆತುರ ಬೇಡ. ಅದೇ ಅಳತೆಯಲ್ಲಿ ಬಲಕ್ಕೆ ಎಡಮುರಿ ಇರುವ ಸ್ವಿಸ್ ಪದ್ಧತಿಯೂ ಒಂದಿದೆ. ಕೆಲವು ಮೋಟೊಬೆಕಾನ್ ಸೈಕಲ್‌ಗಳು ಅದನ್ನೇ ಬಳಸಿದವು. ಟಾರ್ಚ್ ಹಿಡಿದು, ಖಾಲಿಯಾದ ಎಡಬದಿಯಿಂದ ಇಣುಕಿದರೆ ಬಲಗಪ್ಪಿನ ಥ್ರೆಡ್ಡಿನ ತುದಿ ಎತ್ತ ವಾಲಿದೆ ಎಂಬುದು ಕೆಲವೊಮ್ಮೆ ಕಾಣುತ್ತದೆ. ಬಲಮುರಿ ಎಂದು ಖಾತ್ರಿಯಾದ ಮೇಲೆ ಕಪ್ಪಿನ ಚಪ್ಪಟೆ ಅಂಚುಗಳನ್ನು ಮೇಜಿನ ವೈಸ್‌ನಲ್ಲಿ ಬಿಗಿದು, ಫ್ರೇಮನ್ನೇ ಸನ್ನೆಗೋಲಿನಂತೆ ಅಪ್ರದಕ್ಷಿಣವಾಗಿ ತಿರುಗಿಸಿ. ಪಾನಾ ಜಾರುವ ಭಯವಿಲ್ಲ. ‘ಟಕ್’ ಎಂಬ ಸದ್ದು ಬಂದರೆ ಗೆದ್ದಿರಿ.

ತೊಳೆಯುವುದು, ಬಣ್ಣವನ್ನು ಉಳಿಸಿಕೊಳ್ಳುವುದು

ಇಲ್ಲಿ ನನ್ನದು ಹಟದ ಅಭಿಪ್ರಾಯ: ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೂ ಮರುಬಣ್ಣ ಹೊಡೆಸಬೇಡಿ. ಸಾಬೂನು ನೀರು, ಮೆತ್ತನೆ ಬಟ್ಟೆ, ಮೇಲೆ ಮೇಣ, ಅಷ್ಟೇ ಸಾಕು. ಚೌಕಳಿ ಪಟ್ಟಿಯ ಮೇಲೆ ಸೀಮೆಎಣ್ಣೆ, ಪೆಟ್ರೋಲ್ ಹಚ್ಚಿ ಉಜ್ಜಿದರೆ ಅದು ಬಟ್ಟೆಗೇ ಅಂಟಿಕೊಂಡು ಬರಬಹುದು. ಕ್ರೋಮ್ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ತುಕ್ಕು ತಿಂದ ಉಕ್ಕಿನ ಬಿಡಿಭಾಗಗಳಿಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಆದೀತು. ಆದರೆ ಅದು ವಿಷ, ಗ್ಲೌಸ್ ಇಲ್ಲದೆ ಮುಟ್ಟಬಾರದು. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬೇಡಿ.

ಕಾಲಕ್ಕೆ ತಕ್ಕ ಬಿಡಿಭಾಗ

ಆಯಾ ವರ್ಷದ ಪ್ಯೂಜೊ ಕ್ಯಾಟಲಾಗನ್ನೇ ಪಂಚಾಂಗದಂತೆ ಇಟ್ಟುಕೊಳ್ಳಿ. ಸಾಂತ್-ಎತಿಯೆನ್‌ನ ಸ್ಟ್ರಾಂಗ್‌ಲೈಟ್ ಕ್ರ್ಯಾಂಕ್, ದಿಜಾನ್‌ನ ಸಿಂಪ್ಲೆಕ್ಸ್ ಗೇರ್, ಕ್ಲೆರ್ಮಾಂ-ಫೆರಾಂನ ಮಫಾಕ್ ಬ್ರೇಕ್, ಲಿಯೊತಾರ್ ಪೆಡಲ್ ಇದ್ದರೆ ಸೈಕಲ್ ಸೈಕಲ್ಲಿನಂತೆ ಕಾಣುತ್ತದೆ. ಎಲ್ಲವನ್ನೂ ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಸಿಂಪ್ಲೆಕ್ಸ್ ಪ್ರೆಸ್ಟೀಜ್ ಗೇರಿನ ಬಹುಭಾಗ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನದು. ಐವತ್ತು ವರ್ಷವಾದ ಮುಂದಿನ ಗೇರಿನ ಪಟ್ಟಿಯನ್ನು ಕೊಳವೆಗೆ ಬಿಗಿಯುವಾಗ ಕಾಲು ಸುತ್ತು ಹೆಚ್ಚಾದರೂ ಸೀಳು ಬೀಳುತ್ತದೆ. ಅವಾ ಕಂಪನಿಯ ಸ್ಟೆಮ್‌ಗಳು ಕೆಳತುದಿಯ ಸೀಳಿನ ಬಳಿ ಮುರಿಯುವುದಕ್ಕೆ ಕುಖ್ಯಾತ. ಅದನ್ನು ಗೋಡೆಗೆ ತೂಗುಹಾಕಿ, ಬೇರೆ 22.2 ಸ್ಟೆಮ್ಮಿನ ಫೋರ್ಕಿನೊಳಗೆ ಹೋಗುವ ಭಾಗವನ್ನು ಎಮೆರಿ ಕಾಗದದಿಂದ ಸುತ್ತಲೂ ಸಮನಾಗಿ 22ಕ್ಕೆ ಇಳಿಸಿ ಹಾಕಿಕೊಳ್ಳಿ. ಜೀವಕ್ಕಿಂತ ಅಸಲಿತನ ದೊಡ್ಡದಲ್ಲ.

ಕೂಡಿಸುವುದು

ಇಷ್ಟೆಲ್ಲ ಮೀಟರ್ ಪದ್ಧತಿಯ ಸೈಕಲ್ಲಿನ ಬಿ.ಬಿ. ಒಳಗೆ ಓಡುವ ಗುಂಡುಗಳು ಮಾತ್ರ ಕಾಲಿಂಚಿನವು, ಬದಿಗೆ ಹನ್ನೊಂದು. ಹಳೆಯವನ್ನು ಎಸೆದು ಹೊಸವು ಹಾಕಿ, ಗ್ರೀಸ್ ಧಾರಾಳವಾಗಿರಲಿ. ಮಫಾಕ್ ಬ್ರೇಕ್ ಹಿಡಿತದಲ್ಲಿ ಗಟ್ಟಿ, ಕಿರುಚುವುದರಲ್ಲೂ ಮುಂದು. ರಬ್ಬರಿನ ಮುಂತುದಿ ರಿಮ್ಮಿಗೆ ಕೂದಲೆಳೆಯಷ್ಟು ಮೊದಲು ತಾಗುವಂತೆ ಅರದಿಂದ ಉಜ್ಜಿದರೆ ಬಾಯಿ ಮುಚ್ಚುತ್ತದೆ.

ಬಲಗಡೆಯ ಕಪ್ಪನ್ನು ಮಾತ್ರ ಮತ್ತೆ ವೈಸ್‌ನಲ್ಲೇ ಹಿಡಿದು, ಮೈಭಾರ ಹಾಕಿ ಬಿಗಿಯಿರಿ. ಪೆಡಲ್ ತುಳಿದಂತೆಲ್ಲ ಒಳಗಿನ ಗುಂಡುಗಳು ಕಪ್ಪನ್ನು ಎದುರು ದಿಕ್ಕಿಗೆ ನೂಕುತ್ತವೆ. ಇಂಗ್ಲಿಷರು ಅಲ್ಲಿ ಎಡಮುರಿ ಇಟ್ಟದ್ದು ಅದಕ್ಕೇ. ಫ್ರೆಂಚರದು ಬಲಮುರಿಯಾದ್ದರಿಂದ ತುಳಿತವೇ ಅದನ್ನು ಬಿಚ್ಚುತ್ತಾ ಹೋಗುತ್ತದೆ. ಮೊದಲ ಇಪ್ಪತ್ತು ಕಿಲೋಮೀಟರ್ ಹೋಗಿ ಬಂದು ಬೆರಳಲ್ಲಿ ಮುಟ್ಟಿ ನೋಡಿ. ನನ್ನದು ಎರಡು ಸಲ ಸಡಿಲವಾಗಿ, ಮೂರನೆಯದಕ್ಕೆ ನಿಂತಿತು.