ಪುಣೆಯ ಮುಳಾ–ಮುಠಾ ಸಂಗಮ: ಪ್ರವಾಹದ ಇತಿಹಾಸವನ್ನು ಓದುವ ಬಗೆ

ಪುಣೆಯ ಸಂಗಮ ಸೇತುವೆಯ ಬಳಿ ಮುಳಾ ಮತ್ತು ಮುಠಾ ನದಿಗಳು ಕೂಡುವುದನ್ನು ಕಂಡ ಮಾತ್ರಕ್ಕೆ ಆ ನಗರದ ಪ್ರವಾಹಗಳು ಅರ್ಥವಾಗುವುದಿಲ್ಲ. ಅಭ್ಯಾಸವನ್ನು ಮೇಲ್ಭಾಗದ ಅಣೆಕಟ್ಟುಗಳಿಂದಲೇ ಆರಂಭಿಸಬೇಕು. ಮುಠಾ ಕಣಿವೆಯ ಪಾನ್‌ಶೆತ್, ವರಸಗಾಂವ್, ಟೇಮ್‌ಘರ್ ಜಲಾಶಯಗಳನ್ನೂ ಅವುಗಳ ನೀರು ಬಂದು ಸೇರುವ ಖಡಕ್‌ವಾಸ್ಲಾವನ್ನೂ ಮೊದಲು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಮುಳಾ ನದಿಯ ಕಡೆ ಮುಳಶಿ ಜಲಾಶಯವನ್ನೂ, ದಾಪೋಡಿಯ ಬಳಿ ಬಂದು ಕೂಡುವ ಪವನಾ ನದಿಯನ್ನೂ ನೋಡಿ. ಇವೆಲ್ಲ ಸಹ್ಯಾದ್ರಿಯ ಮಳೆಯಿಂದ ತುಂಬುವುದರಿಂದ, ನಗರದಲ್ಲಿ ಹೆಚ್ಚು ಮಳೆಯಿಲ್ಲದ ದಿನವೂ ಹೊಳೆ ಏರಬಲ್ಲದು.

ಅನಂತರ ಪ್ರತಿಯೊಂದು ಪ್ರವಾಹದ ಕಾರಣವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎಲ್ಲವನ್ನೂ 'ಭಾರೀ ಮಳೆ' ಎಂದು ಒಂದೇ ಸಾಲಿಗೆ ಸೇರಿಸಿದರೆ ಇತಿಹಾಸದ ಮುಖ್ಯ ಪಾಠವೇ ತಪ್ಪಿಹೋಗುತ್ತದೆ. 1961ರ ಜುಲೈ 12ರ ದುರಂತಕ್ಕೆ ಮಳೆಯೊಂದೇ ಕಾರಣವಾಗಿರಲಿಲ್ಲ. ಪಾನ್‌ಶೆತ್‌ನ ಮಣ್ಣಿನ ಅಣೆಕಟ್ಟಿನ ಕಾಮಗಾರಿ ಪೂರ್ತಿಯಾಗುವ ಮೊದಲೇ ಜಲಾಶಯ ವೇಗವಾಗಿ ತುಂಬಿತು. ನೀರು ಹೊರಬಿಡುವ ಕೊಳವೆಮಾರ್ಗದ ಭಾಗದಲ್ಲಿ ಕಟ್ಟೆ ಕುಸಿಯತೊಡಗಿತು. ಸೈನಿಕರು ರಾತ್ರಿಯಿಡೀ ಮರಳಿನ ಚೀಲಗಳನ್ನು ಪೇರಿಸಿ ಅದನ್ನು ಹಿಡಿದು ನಿಲ್ಲಿಸಲು ಹೆಣಗಿದರು. ಕಟ್ಟೆ ಬೆಳಿಗ್ಗೆ ಒಡೆಯಿತು, ಅದರ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು ನದಿದಂಡೆಯ ಪೇಟೆಗಳು ಮುಳುಗಿದವು. ಆ ಯೋಧರ ಶ್ರಮದಿಂದ ದೊರೆತ ಕೆಲವೇ ಗಂಟೆಗಳು ನಿದ್ದೆಯಲ್ಲಿರಬಹುದಾಗಿದ್ದ ಎಷ್ಟೋ ಜನರ ಜೀವ ಉಳಿಸಿದವು. ಪುಣೆಯ ಪ್ರವಾಹವನ್ನು ಅಭ್ಯಸಿಸುವವರು ಈ ಸಂಗತಿಯನ್ನು ಮರೆಯಬಾರದು.

2019ರ ಸೆಪ್ಟೆಂಬರ್ 25ರ ರಾತ್ರಿ ಹಾನಿ ಮಾಡಿದ್ದು ದೊಡ್ಡ ನದಿಯಲ್ಲ, ಮುಠಾವನ್ನು ಸೇರುವ ಆಂಬಿಲ್ ಓಢಾ ಎಂಬ ಹಳ್ಳ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿದಾಗ ಬಿರುಮಳೆಯೂ ಖಡಕ್‌ವಾಸ್ಲಾದಿಂದ ಬಿಟ್ಟ ನೀರೂ ಒಟ್ಟಿಗೆ ಬಂದಿದ್ದವು.

ನೀರು ಬಿಡುಗಡೆಯ ಸುದ್ದಿ ಕ್ಯೂಸೆಕ್‌ಗಳಲ್ಲಿ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್; ಹಾಗಾಗಿ 35,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಈ ಅಂಕಿಯನ್ನು ನೆಲದ ಮೇಲಿನ ಗುರುತಿಗೆ ಹೊಂದಿಸಲು ಪುಣೆಯ ಡೆಕ್ಕನ್ ಬಡಾವಣೆಯ ಬಳಿ ಮುಠಾದ ಮೇಲಿರುವ ತಗ್ಗಾದ ಬಾಬಾ ಭಿಡೆ ಸೇತುವೆಯನ್ನು ಗಮನಿಸಿ: ಎಷ್ಟು ನೀರು ಬಿಟ್ಟಾಗ ಅದು ಮುಳುಗಿತು ಎಂದು ಪ್ರತಿ ಮಳೆಗಾಲದಲ್ಲೂ ಬರೆದಿಟ್ಟರೆ, ನದಿಯ ಪಾತ್ರ ಕಿರಿದಾಗುತ್ತಿದೆಯೇ ಎಂಬ ಪ್ರಶ್ನೆಗೆ ಸುಳಿವು ಸಿಗುತ್ತದೆ.

ಸಂಗಮವನ್ನು ನೋಡುವುದು ಇದಾದ ಮೇಲೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸೇತುವೆಯ ಮೇಲಿನಿಂದಲೇ ನೋಡಬೇಕು, ನದಿಪಾತ್ರಕ್ಕೆ ಇಳಿಯಬಾರದು. ಎರಡು ನದಿಗಳಲ್ಲಿ ಒಂದು ಉಕ್ಕಿ ಹರಿಯುವಾಗ ಇನ್ನೊಂದರ ನೀರು ಮುಂದೆ ಸಾಗಲಾರದೆ ಹಿಂದಕ್ಕೆ ಒತ್ತಿ ನಿಲ್ಲುತ್ತದೆ, ಅದಕ್ಕೆ ಸೇರುವ ಹಳ್ಳಗಳ ಬಾಯಿಯೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮುಠಾದ ಮಟ್ಟವನ್ನು ಬರೆಯುವಾಗ ಅದೇ ಹೊತ್ತಿನ ಮುಳಾದ ಮಟ್ಟವನ್ನೂ ಬರೆಯಿರಿ.

ಕೊನೆಯದಾಗಿ, ನಗರದ ನಕ್ಷೆಯಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ನೀಲಿ ರೇಖೆಯನ್ನೂ 100 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಕೆಂಪು ರೇಖೆಯನ್ನೂ ಹುಡುಕಿ, ನೀವು ಗುರುತಿಸಿದ ಪ್ರವಾಹಗಳು ಎಲ್ಲಿಯವರೆಗೆ ಬಂದಿದ್ದವು ಎಂದು ಅವುಗಳೊಡನೆ ಹೋಲಿಸಿ. ಸಂಗಮದ ನೀರು ಮುಂದೆ ಭೀಮಾ ನದಿಯನ್ನು ಸೇರಿ, ಉಜನಿ ಜಲಾಶಯವನ್ನು ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುವುದರಿಂದ, ಭೀಮಾ ತೀರದ ಓದುಗರು ಉಜನಿಯ ಹೊರಹರಿವನ್ನೂ ಇದೇ ದಾಖಲೆಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.