ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್: ನೀವು ಅವರ ಮಗು ಅಂತ ತೋರಿಸಲು ಯಾವ ಕಾಗದ ಬೇಕು?

ಅಮೆರಿಕದ ಸಿಟಿಜನ್ ಆಗಿ 21 ವರ್ಷ ತುಂಬಿದ್ದರೆ ಅಪ್ಪ-ಅಮ್ಮನಿಗೆ ಐ-130 ಅರ್ಜಿ (ಇವರು ನನ್ನ ಹತ್ತಿರದ ಸಂಬಂಧಿ ಅಂತ ಅಮೆರಿಕ ಸರ್ಕಾರಕ್ಕೆ ತೋರಿಸುವ ಫಾರ್ಮ್) ಹಾಕಬಹುದು. ಬರೀ ಗ್ರೀನ್ ಕಾರ್ಡ್ ಇದ್ದರೆ ಆಗುವುದಿಲ್ಲ. ಅಪ್ಪನಿಗೊಂದು, ಅಮ್ಮನಿಗೊಂದು, ಬೇರೆ ಬೇರೆ ಅರ್ಜಿ. ಫಾರ್ಮ್ ತುಂಬುವುದು ಕಷ್ಟವೇನಲ್ಲ. ತಲೆನೋವು ಇರುವುದು "ನಾನು ಇವರ ಮಗಳು" ಅಂತ ಸಾಬೀತು ಮಾಡುವುದರಲ್ಲಿ.

ನಾನು ಹುಟ್ಟಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಜ್ಜಿ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ನನ್ನಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಆಸ್ಪತ್ರೆಯಲ್ಲಿ ಹುಟ್ಟಿ, ಆಗಲೇ ಸರ್ಟಿಫಿಕೇಟ್ ಮಾಡಿಸಿಟ್ಟವರಿಗೆ ಇದರಲ್ಲಿ ಅರ್ಧ ಬೇಕಾಗಲ್ಲ. ನಾನು ಲಾಯರ್ ಅಲ್ಲ. ದತ್ತು, ವಿಚ್ಛೇದನದಂಥ ತೊಡಕಿದ್ದರೆ ಲಾಯರ್ ಹತ್ತಿರವೇ ಹೋಗಿ.

ಮೊದಲು ಮುಖ್ಯವಾದದ್ದು. ಅಮ್ಮನ ಅರ್ಜಿಗೆ ನಿಮ್ಮ ಜನನ ಪ್ರಮಾಣಪತ್ರ ಬೇಕು. ಅದರಲ್ಲಿ ನಿಮ್ಮ ಹೆಸರೂ ಅಮ್ಮನ ಹೆಸರೂ ಇರಬೇಕು. ಅಪ್ಪನ ಅರ್ಜಿಗೆ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರದ ಜೊತೆ ಅವರ ಮದುವೆಯ ದಾಖಲೆಯೂ ಬೇಕು. ಇಬ್ಬರಲ್ಲಿ ಯಾರಿಗಾದರೂ ಹಿಂದೊಂದು ಮದುವೆ ಆಗಿದ್ದರೆ ಅದು ಮುಗಿದಿದ್ದಕ್ಕೂ ದಾಖಲೆ ಕೊಡಬೇಕು. ನಿಮ್ಮ ಸಿಟಿಜನ್‌ಶಿಪ್‌ನ ಪುರಾವೆ ಹೇಗೂ ಇರಲೇಬೇಕು. ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಂಡಿದ್ದರೆ ನಿಮ್ಮ ಮ್ಯಾರೇಜ್ ಸರ್ಟಿಫಿಕೇಟನ್ನೂ ಸೇರಿಸಿ. ಇಲ್ಲದಿದ್ದರೆ ಸರ್ಟಿಫಿಕೇಟಿನಲ್ಲಿರುವ ಹುಡುಗಿ ನೀವೇ ಅಂತ ಅರ್ಜಿ ನೋಡುವ ಅಮೆರಿಕದ ಆಫೀಸರ್‌ಗೆ ಗೊತ್ತಾಗುವುದು ಹೇಗೆ? ಮಲತಂದೆ, ಮಲತಾಯಿಗೂ ಅರ್ಜಿ ಹಾಕಬಹುದು, ಆದರೆ ಆ ಮದುವೆ ನಿಮಗೆ 18 ತುಂಬುವ ಮೊದಲೇ ಆಗಿರಬೇಕು.

ಈಗ ನಮ್ಮ ಕಡೆಯ ತೊಡಕುಗಳಿಗೆ ಬರೋಣ. ಜನನ-ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಕಾಯ್ದೆ ಬಂದ ಮೇಲೂ ಹಳ್ಳಿಯಲ್ಲಿ ಎಷ್ಟು ಜನ ಹೋಗಿ ಬರೆಸಿದರು ಹೇಳಿ! ಬರೆಸಿದ್ದರೂ ನಾಮಕರಣಕ್ಕೆ ಮುಂಚೆಯೇ ಬರೆಸಿರುತ್ತಾರೆ. ನನ್ನದು ಹಾಗೇ ಆಗಿತ್ತು. ತಾರೀಕು, ಊರು, ಅಪ್ಪ-ಅಮ್ಮನ ಹೆಸರು ಎಲ್ಲ ಇದೆ, ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ಆಮೇಲೆ ಹೆಸರು ಸೇರಿಸಲು ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಆದರೆ ನಿಯಮದಲ್ಲಿ 15 ವರ್ಷದ ಗಡುವೂ ಇದೆ. ಹೆಸರು ಸೇರಿಸಲು ಆಗದಿದ್ದರೂ ಆ ಸರ್ಟಿಫಿಕೇಟನ್ನು ಮೂಲೆಗೆ ಹಾಕಬೇಡಿ. ಅದೇ ತಾರೀಕು, ಅದೇ ತಂದೆ-ತಾಯಿ ಹೆಸರಿನ ಜೊತೆ ನಿಮ್ಮ ಹೆಸರೂ ಇರುವ ಶಾಲೆಯ ದಾಖಲೆ ಹುಡುಕಿ, ಎರಡನ್ನೂ ಒಟ್ಟಿಗೆ ಇಡಿ.

ನೋಂದಣಿಯೇ ಆಗಿಲ್ಲ ಅಂದರೆ 'ಲಭ್ಯವಿಲ್ಲ' ಎಂಬ ಪ್ರಮಾಣಪತ್ರ ತರಿಸಿ. ಎಲ್ಲರೂ ಇದನ್ನು ನಾನ್-ಅವೈಲಬಿಲಿಟಿ ಸರ್ಟಿಫಿಕೇಟ್ ಅಂತಲೇ ಕರೆಯುತ್ತಾರೆ. ಹಳ್ಳಿಯಾದರೆ ತಾಲ್ಲೂಕು ಆಫೀಸಿನಲ್ಲಿ, ಪಟ್ಟಣವಾದರೆ ಪುರಸಭೆ ಅಥವಾ ನಗರಸಭೆಯಲ್ಲಿ ವಿಚಾರಿಸಿ. ಇಂಥ ವರ್ಷದ ರಿಜಿಸ್ಟರ್ ಹುಡುಕಿದೆವು, ಈ ಜನನ ಅದರಲ್ಲಿ ದಾಖಲಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಸುಮ್ನೆ "ಕೊಡಲು ಬರುವುದಿಲ್ಲ" ಅಂತ ಬರೆದ ಹಿಂಬರಹ ಸಾಲದು. ಕೈಗೆ ಕೊಡುವ ಮುಂಚೆ ಹುಟ್ಟಿದ ತಾರೀಕು, ಅಪ್ಪ-ಅಮ್ಮನ ಹೆಸರಿನ ಸ್ಪೆಲಿಂಗ್ ಎರಡನ್ನೂ ಓದಿ ನೋಡಲು ಊರಲ್ಲಿರುವವರಿಗೆ ಹೇಳಿ.

ಈಗಲೇ ಹೊಸದಾಗಿ ನೋಂದಣಿ ಮಾಡಿಸಿಬಿಡೋಣ ಅಂತ ಕೆಲವರು ಹೊರಡುತ್ತಾರೆ. ಮಾಡಿಸಬಹುದು. ಹುಟ್ಟಿ ಒಂದು ವರ್ಷ ದಾಟಿದ್ದರೆ ಅದಕ್ಕೆ ಆದೇಶ ಬೇಕು. ಮೊದಲು ಅದು ಮ್ಯಾಜಿಸ್ಟ್ರೇಟ್ ಕೋರ್ಟಿನ ಕೆಲಸವಾಗಿತ್ತು, 2023ರ ತಿದ್ದುಪಡಿಯ ಮೇಲೆ ಕಂದಾಯ ಅಧಿಕಾರಿಗಳ ಕಡೆ ಬಂದಿದೆ. ಆದರೆ ಐ-130 ನೋಡುವ ಆಫೀಸರ್ ಕಣ್ಣು ಮೊದಲು ಹೋಗುವುದೇ ನೋಂದಣಿಯ ತಾರೀಕಿನ ಮೇಲೆ. ನಲವತ್ತು ವರ್ಷದ ಹಿಂದೆ ಹುಟ್ಟಿದವರ ಸರ್ಟಿಫಿಕೇಟ್ ಹೋದ ವರ್ಷ ತಯಾರಾಗಿದ್ದರೆ ಅದೊಂದನ್ನೇ ಅವರು ನಂಬುವುದಿಲ್ಲ. ಜೊತೆಗೆ ಹಳೇ ಕಾಗದ ಇರಲೇಬೇಕು.

ನನ್ನ ಅನುಭವದಲ್ಲಿ ಹಳೇ ಕಾಗದಕ್ಕೇ ತೂಕ ಜಾಸ್ತಿ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಅಪ್ಪನ ಹೆಸರನ್ನು ಅಮೆರಿಕಕ್ಕೆ ಹೋಗಲೆಂದು ಯಾರೂ ಬರೆಸಿದ್ದಲ್ಲ, ಅಲ್ವಾ? ಹಾಗಾಗಿ ಶಾಲೆಯ ದಾಖಲಾತಿ ರಿಜಿಸ್ಟರ್‌ನ ನಕಲು, ಟಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಈ ಮೂರನ್ನು ಮೊದಲು ಹುಡುಕಿ. ನಿಮ್ಮ ಹಳೇ ಇಂಡಿಯನ್ ಪಾಸ್‌ಪೋರ್ಟ್ ಬಿಸಾಡದೆ ಇಟ್ಟಿದ್ದರೆ ಅದರ ಕೊನೇ ಪುಟದಲ್ಲಿ ತಂದೆ, ತಾಯಿ ಇಬ್ಬರ ಹೆಸರೂ ಇರುತ್ತದೆ. ಹಳೇ ರೇಷನ್ ಕಾರ್ಡ್ ಒಳ್ಳೆಯದು. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರೆ ಪೆನ್ಷನ್ ಕಾಗದಗಳಲ್ಲಿ ಮಕ್ಕಳ ಹೆಸರಿದೆಯೇ ನೋಡಿ. ನಾಡಕಚೇರಿಯಿಂದ ವಂಶವೃಕ್ಷ ತರಿಸುವವರೂ ಇದ್ದಾರೆ. ಇರಲಿ, ಆದರೆ ಅದು ಈಗ ಬರೆದಿದ್ದು ಅನ್ನುವುದು ನೆನಪಿರಲಿ.

ಒಂದು ಎಚ್ಚರಿಕೆ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸಲು ವಯಸ್ಸು ಸರಿಹೊಂದಲಿ ಅಂತ ಹುಟ್ಟಿದ ತಾರೀಕನ್ನೇ ಹಿಂದೆ ಮುಂದೆ ಮಾಡಿಬಿಡುತ್ತಿದ್ದರು. ಎರಡು ದಾಖಲೆಯಲ್ಲಿ ಎರಡು ತಾರೀಕಿದ್ದರೆ ಮುಚ್ಚಿಡಬೇಡಿ. ಯಾಕೆ ಹಾಗಾಯಿತು ಅಂತ ಅಫಿಡವಿಟ್‌ನಲ್ಲಿ ಬರೆಸಿ.

ಅಫಿಡವಿಟ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಜನನ ಪ್ರಮಾಣಪತ್ರ ಇಲ್ಲದವರಿಗೆ, ಇದ್ದರೂ ಅದೊಂದೇ ಸಾಲದವರಿಗೆ, ಕಡಿಮೆ ಅಂದರೂ ಎರಡು ಬೇಕು. ಬರೆದುಕೊಡುವವರು ನಿಮ್ಮ ಅರ್ಜಿಯಲ್ಲಿ ಭಾಗಿಯಾಗಿರಬಾರದು, ಅಂದರೆ ನೀವೂ ಅಪ್ಪ-ಅಮ್ಮನೂ ಲೆಕ್ಕಕ್ಕಿಲ್ಲ. ನೀವು ಹುಟ್ಟಿದ್ದು ಅವರಿಗೆ ಸ್ವತಃ ಗೊತ್ತಿರಬೇಕು. ನಿಮಗಿಂತ ಚಿಕ್ಕವರ ಕೈಲಿ ಬರೆಸಿದರೆ ಏನು ಪ್ರಯೋಜನ? ಅವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ತಾರೀಕು ಮತ್ತು ಊರು, ನಿಮಗೆ ಏನಾಗಬೇಕು, ವಿಷಯ ಹೇಗೆ ಗೊತ್ತು, ಇಷ್ಟೂ ಇರಬೇಕು. ಟೈಪಿಂಗ್ ಅಂಗಡಿಯಲ್ಲಿ ಸಿಗುವ ನಮೂನೆಯಲ್ಲಿ "ಇವರನ್ನು ಚೆನ್ನಾಗಿ ಬಲ್ಲೆ" ಅಂತಷ್ಟೇ ಇರುತ್ತದೆ. ಅದು ಕೆಲಸಕ್ಕೆ ಬರಲ್ಲ. ನಮ್ಮ ದೊಡ್ಡಮ್ಮ ಹೇಳಿದ್ದನ್ನು ಹಾಗೇ ಬರೆಸಿದೆ: "ನನ್ನ ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆಗ ನಾನೂ ಅದೇ ಮನೆಯಲ್ಲಿದ್ದೆ. ಬೆಳಗಿನ ಜಾವ ಹೆರಿಗೆಯಾಯಿತು. ಸೂಲಗಿತ್ತಿಗೆ ಬಿಸಿನೀರು ಕಾಯಿಸಿ ಕೊಟ್ಟವಳು ನಾನೇ." ಹೀಗೆ ಬರೆದರೆ ಓದುವವರಿಗೆ ಇವರು ಅಲ್ಲಿದ್ದರು ಅಂತ ಅನ್ನಿಸುತ್ತದೆ. ಇಬ್ಬರದ್ದೂ ಒಂದೇ ಪಾಠ ಆಗದಂತೆ ನೋಡಿಕೊಳ್ಳಿ.

ಮದುವೆಯ ದಾಖಲೆ ಇಷ್ಟು ಕಷ್ಟವಲ್ಲ. ಆ ತಲೆಮಾರಿನವರು ಯಾರೂ ರಿಜಿಸ್ಟರ್ ಮಾಡಿಸಿರುವುದಿಲ್ಲ. ಈಗಲೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಬಹುದು. ಲಗ್ನಪತ್ರಿಕೆ, ಒಂದೆರಡು ಹಳೇ ಫೋಟೋ ಇದ್ದರೆ ಅನುಕೂಲ. ಸರ್ಟಿಫಿಕೇಟಿನಲ್ಲಿ ನೋಂದಣಿಯ ದಿನವಲ್ಲದೆ ಮದುವೆ ನಡೆದ ದಿನವೂ ಇದೆಯೇ ನೋಡಿಕೊಳ್ಳಿ.

ಇನ್ನು ಹೆಸರುಗಳು. ಅಪ್ಪನ ಹೆಸರಿಗೆ ಒಂದು ಕಡೆ ಊರಿನ ಇನಿಷಿಯಲ್, ಇನ್ನೊಂದು ಕಡೆ ತಾತನ ಹೆಸರು, ಮತ್ತೊಂದು ಕಡೆ ಕೊನೆಯಲ್ಲಿ 'ಗೌಡ'. ನಮಗಿದು ಮಾಮೂಲು, ಅಲ್ಲಿಯವರಿಗೆ ಮೂರು ಜನ. ಇವೆಲ್ಲ ಒಬ್ಬರದೇ ಹೆಸರು ಅಂತ ಒಂದು ಅಫಿಡವಿಟ್ ಮಾಡಿಸಿ, ಐ-130ರಲ್ಲಿ 'ಬೇರೆ ಹೆಸರುಗಳು' ಅಂತ ಕೇಳುವ ಕಡೆ ಅಷ್ಟನ್ನೂ ತುಂಬಿ.

ಕನ್ನಡದ ಕಾಗದಕ್ಕೆಲ್ಲ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಸೀಲು, ಅಂಚಿನ ಬರಹ ಏನನ್ನೂ ಬಿಡುವಂತಿಲ್ಲ. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಸಹಿ ಹಾಕಬೇಕು. ನನ್ನದನ್ನು ಕನ್ನಡ ಚೆನ್ನಾಗಿ ಬರುವ ಗೆಳತಿಯೊಬ್ಬಳು ಮಾಡಿಕೊಟ್ಟಳು.

ಕಳಿಸಿದ ಮೇಲೂ ಸಾಲದು ಅನ್ನಿಸಿದರೆ ಆರ್‌ಎಫ್‌ಇ ಬರುತ್ತದೆ, ಅಂದರೆ ಇನ್ನಷ್ಟು ಪುರಾವೆ ಕೊಡಿ ಅಂತ. ಹೆದರಬೇಡಿ. ಉತ್ತರ ಕೊಡಲು ಒಂದೇ ಅವಕಾಶ, ಹಾಗಾಗಿ ಇರುವುದನ್ನೆಲ್ಲ ಒಟ್ಟಿಗೆ, ಅದರಲ್ಲಿ ಬರೆದಿರುವ ಗಡುವಿನೊಳಗೆ ಕಳಿಸಿ. ಕೆಲವೊಮ್ಮೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದು ಅಂತ ಸೂಚಿಸುತ್ತಾರೆ. ಅದು ಕಡ್ಡಾಯವಲ್ಲ, ಖರ್ಚು ನಿಮ್ಮದೇ. ಮಾಡಿಸಿದರೆ ಎಎಬಿಬಿ (ಇಂಥ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬ್‌ನಲ್ಲೇ ಮಾಡಿಸಬೇಕು, ಹೊಂದಿಕೆ ಕನಿಷ್ಠ 99.5 ಶೇಕಡಾ ಇರಬೇಕು. ಅವರು ಹೇಳುವ ಮುಂಚೆಯೇ ಆನ್‌ಲೈನಿನಲ್ಲಿ ಕಿಟ್ ತರಿಸಿ ಮನೆಯಲ್ಲೇ ಮಾಡಿಕೊಂಡರೆ ದುಡ್ಡು ದಂಡ.

ಅರ್ಜಿಯ ಜೊತೆ ನಕಲು ಸಾಕು, ಒರಿಜಿನಲ್ ಕಳಿಸಬೇಡಿ. ಕಾನ್ಸುಲೇಟ್ ಇಂಟರ್‌ವ್ಯೂ ದಿನ ಮಾತ್ರ ಅಪ್ಪ-ಅಮ್ಮನ ಕೈಯಲ್ಲಿ ಒರಿಜಿನಲ್ ಇರಬೇಕು. ನಿಮ್ಮ ಜನನ ಪ್ರಮಾಣಪತ್ರ ಅಮೆರಿಕದ ನಿಮ್ಮ ಬೀರುವಿನಲ್ಲೇ ಇದ್ದರೆ, ತಾರೀಕು ಗೊತ್ತಾದ ತಕ್ಷಣ ಕೊರಿಯರ್ ಮಾಡಿ.